ಕೈಜಾರಿದ ಕ್ಯಾಮೆರಾ

ನೆಲಮಂಗಲ ತಾಲ್ಲೂಕಿನ ಸೋಂಪುರ ಹೋಬಳಿಯಲ್ಲಿ, ಡಾಬಸ್‌ಪೇಟೆಯ ಹೆದ್ದಾರಿಗೆ ಅನತಿದೂರದಲ್ಲಿ ಎದ್ದುನಿಂತಿರುವ ಶಿವಗಂಗೆಯ ಬೆಟ್ಟವು, ಭಕ್ತರಿಗೆ ದಕ್ಷಿಣಕಾಶಿಯೆಂದು ಪೂಜ್ಯವಾಗಿರುವಂತೆಯೇ ಛಾಯಾಗ್ರಾಹಕರಿಗೂ ಪ್ರಿಯವಾದುದು. ಗಂಗಾಧರೇಶ್ವರನ ದರ್ಶನ ಮಾಡಿ, ಒಳಕಲ್ಲು ತೀರ್ಥದ ಗುಳಿಯಲ್ಲಿ ಕೈಯಿಳಿಸಿ ನೀರು ದೊರೆಯಿತೋ ಇಲ್ಲವೋ ಎಂದು ತನ್ನ ಭಾಗ್ಯವನ್ನು ಪರೀಕ್ಷಿಸಿಕೊಂಡು, ಬಂಡೆಯಲ್ಲೇ ಕಡಿದ ಮೆಟ್ಟಿಲುಗಳನ್ನು ಕಬ್ಬಿಣದ ಕಂಬಿ ಹಿಡಿದು ಏರುವವನಿಗೆ ಇರುವ ಎರಡು ಕೈಗಳೂ ಸಾಲವು. ಮೇಲೆ ಬೀಸುಗಾಳಿ, ಕೆಳಗೆ ಪ್ರಪಾತ, ಪಕ್ಕದಲ್ಲಿ ಹೆಗಲ ಚೀಲದ ಮೇಲೆಯೇ ಕಣ್ಣಿಟ್ಟ ಕೋತಿಗಳು. ಇಂಥ ಸ್ಥಳದಲ್ಲಿ, ತಂದೆಯಿಂದ ಬಂದ ಅಥವಾ ಮೊದಲ ಸಂಬಳದಲ್ಲಿ ಕೊಂಡ ರೀಲು ಕ್ಯಾಮೆರಾ ಕೈಜಾರಿ ಬಂಡೆಗೆ ಬಡಿದರೆ, ಒಡೆಯನ ಎದೆ ಝಲ್ಲೆನ್ನುವುದು ಸಹಜ. ಆದರೆ ಆ ಪೆಟ್ಟಿನಿಂದ ಆದುದೇನು, ಆಗದುದೇನು ಎಂಬುದನ್ನು ತಿಳಿದವನು ಅನೇಕ ವೇಳೆ ಕ್ಯಾಮೆರಾವನ್ನೂ ಅದರೊಳಗಿನ ಚಿತ್ರಗಳನ್ನೂ ಉಳಿಸಿಕೊಳ್ಳಬಲ್ಲನು.

ಪತನದ ಲೆಕ್ಕ ಸರಳವಾದುದು. ಎದೆಯ ಮಟ್ಟದಿಂದ, ಎಂದರೆ ಸುಮಾರು 1.25 ಮೀಟರ್ ಎತ್ತರದಿಂದ ಕಳಚಿದ ವಸ್ತುವು ಅರ್ಧ ಸೆಕೆಂಡಿನಲ್ಲಿ ನೆಲ ಮುಟ್ಟುತ್ತದೆ. ಆಗ ಅದರ ವೇಗ ಗಂಟೆಗೆ ಸುಮಾರು 18 ಕಿಲೋಮೀಟರ್. ಈ ವೇಗವು ತಾನಾಗಿ ಭೀಕರವಲ್ಲ. ಅದು ಎಷ್ಟು ದೂರದೊಳಗೆ ಶಮನವಾಗುತ್ತದೆ ಎಂಬುದರಲ್ಲಿಯೇ ಅಪಾಯದ ಅಳತೆಯಿದೆ. ಉತ್ತ ಹೊಲದ ಮಣ್ಣಿನಲ್ಲಿ 5 ಸೆಂಟಿಮೀಟರ್ ಹೂತು ನಿಂತರೆ ಕ್ಯಾಮೆರಾದ ಮೇಲೆ ಅದರ ತೂಕದ ಸುಮಾರು 25 ಪಟ್ಟು ಬಲ ಬೀಳುತ್ತದೆ; ಬಂಡೆಗೆ ಬಡಿದು 2 ಮಿಲಿಮೀಟರಿನೊಳಗೆ ನಿಂತರೆ ಅದೇ ಬಲ 600 ಪಟ್ಟನ್ನೂ ಮೀರುತ್ತದೆ.

ಹಾಗಿದ್ದರೂ ಹಳೆಯ ಲೋಹದ ಕ್ಯಾಮೆರಾಗಳ ಕವಚ ಬಹು ಗಟ್ಟಿ. 1970ರಲ್ಲಿ ಕಾಂಬೋಡಿಯಾದ ಯುದ್ಧವನ್ನು ಚಿತ್ರಿಸುತ್ತಿದ್ದ ಬ್ರಿಟಿಷ್ ಛಾಯಾಗ್ರಾಹಕ ಡಾನ್ ಮೆಕಲಿನ್ ಅವರ ನಿಕಾನ್ ಎಫ್ ಕ್ಯಾಮೆರಾ ಬಂದೂಕಿನ ಗುಂಡನ್ನೇ ತಡೆದು ಒಡೆಯನ ಪ್ರಾಣವನ್ನು ಕಾಯಿತು. ಕವಚವು ಇಷ್ಟು ದೃಢವಾದರೂ ಒಳಗಿನ ವ್ಯವಸ್ಥೆ ಅತಿ ಸೂಕ್ಷ್ಮವಾದುದು. ಅದೇ ಜಾತಿಯ ನಿಕಾನಿನಲ್ಲಿ ಮಸೂರ ಕೂಡುವ ಉಂಗುರದಿಂದ ಫಿಲ್ಮಿನವರೆಗಿನ ಅಂತರ 46.5 ಮಿಲಿಮೀಟರ್ ಇರತಕ್ಕದ್ದು. ಇದರಲ್ಲಿ ಮಿಲಿಮೀಟರಿನ ಹತ್ತನೆಯ ಒಂದು ಭಾಗ ವ್ಯತ್ಯಾಸವಾದರೂ ದೂರದ ಬೆಟ್ಟ ಮಸುಕಾಗಿ ಮೂಡಬಹುದು. ಆದುದರಿಂದ ಹೊರಗಿನ ನೆಗ್ಗು ಕಣ್ಣಿಗೆ ನೋವಾದರೂ ಬಹುಮಟ್ಟಿಗೆ ನಿರಪಾಯಕರ. ಹೊರಗೆ ಗೀರೂ ಇಲ್ಲದೆ ಒಳಗೆ ಜರುಗಿದ ಭಾಗವೇ ಅಪಾಯಕರ.

ಕ್ಯಾಮೆರಾದ ಜಾತಿಗೆ ತಕ್ಕಂತೆ ಪೆಟ್ಟಿನ ಫಲವೂ ಬೇರೆ. ಒಂದು ಕಾಲಕ್ಕೆ ನಮ್ಮ ಮಧ್ಯಮವರ್ಗದ ಮನೆಗಳಲ್ಲಿ ಪ್ರಸಿದ್ಧವಾಗಿದ್ದ, 120ರ ರೀಲಿನಲ್ಲಿ ಹನ್ನೆರಡು ಚೌಕ ಚಿತ್ರಗಳನ್ನು ಕೊಡುತ್ತಿದ್ದ ಆಗ್ಫಾ ಕ್ಲಿಕ್ 3 ರಲ್ಲಿ ಕೆಡಲು ಯಂತ್ರಭಾಗಗಳೇ ಕಡಿಮೆ. ಅಲ್ಲಿ ಹಿಂಬದಿಯ ಮುಚ್ಚಳ ಸಡಿಲವಾಗಿ ಬೆಳಕು ನುಸುಳುವುದೇ ಮುಖ್ಯ ದೋಷ. ಎರಡು ಬಿಂಬಗಳನ್ನು ಕೂಡಿಸಿ ದೂರವನ್ನು ಹೊಂದಿಸುವ ರೇಂಜ್‌ಫೈಂಡರ್ ಕ್ಯಾಮೆರಾದಲ್ಲಿ, ಒಂದಾಗಬೇಕಾದ ಎರಡು ಬಿಂಬಗಳು ಮೇಲೆ ಕೆಳಗಾಗಿ ನಿಲ್ಲುತ್ತವೆ. ಮಸೂರದ ನೋಟವನ್ನೇ ಕನ್ನಡಿಯ ಮೂಲಕ ಕಣ್ಣಿಗೆ ತೋರಿಸುವ ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಆ ಕನ್ನಡಿ ಜರುಗಬಹುದು, ಪ್ರಿಸಂ ಸೀಳಬಹುದು, ಬೆಳಕಳೆಯುವ ಮೀಟರಿನ ಮುಳ್ಳು ಸಿಕ್ಕಿಕೊಳ್ಳಬಹುದು. ಇನ್ನು ಕೆಲವೊಮ್ಮೆ, ಕನ್ನಡಿಯಲ್ಲಿ ಸ್ಫುಟವಾಗಿ ಕಂಡ ನೋಟವು ಫಿಲ್ಮಿನ ಮೇಲೆ ಅಸ್ಪಷ್ಟವಾಗಿ ಬೀಳಬಹುದು, ಏಕೆಂದರೆ ಕಣ್ಣಿಗೆ ಬರುವ ಬೆಳಕಿನ ದಾರಿ ಬೇರೆ, ಫಿಲ್ಮಿಗೆ ಹೋಗುವ ದಾರಿ ಬೇರೆ.

ಬಿದ್ದೊಡನೆ ಮಾಡಬಾರದ ಕೆಲಸವೆಂದರೆ, ಒಳಗೇನಾಯಿತೆಂದು ನೋಡುವ ಆತುರದಲ್ಲಿ ಹಿಂಬದಿಯ ಮುಚ್ಚಳ ತೆರೆಯುವುದು. ಬಹುತೇಕ 35 ಮಿಲಿಮೀಟರ್ ಕ್ಯಾಮೆರಾಗಳಲ್ಲಿ ತೆಗೆದ ಚಿತ್ರಗಳೆಲ್ಲ ರೀಲಿನ ಡಬ್ಬಿಯ ಹೊರಗಿನ ಸುರುಳಿಯಲ್ಲಿ ಸುತ್ತಿಕೊಂಡಿರುವುದರಿಂದ, ಬೆಳಕು ಮೊದಲು ಹೊಡೆಯುವುದು ಅವಕ್ಕೇ. ಮುಚ್ಚಳದ ಅಂಚು ಬಾಗಿದ್ದರೆ ಅದರ ಸುತ್ತ ಕಪ್ಪು ಟೇಪು ಅಂಟಿಸಿ, ರೀಲನ್ನು ನಿಧಾನವಾಗಿ ಹಿಂದಕ್ಕೆ ಸುತ್ತಬೇಕು. ಸುತ್ತಲು ಬಾರದಿದ್ದರೆ ಬಲಪ್ರಯೋಗ ಮಾಡದೆ, ಸ್ಟುಡಿಯೋದವರ ಡಾರ್ಕ್‌ರೂಮಿನ ಕತ್ತಲೆಯಲ್ಲಿ ಬಿಚ್ಚಿಸಬೇಕು. ಸಿಕ್ಕಿಕೊಂಡ, ಫಿಲ್ಮ್ ಸುತ್ತುವ ಸನ್ನೆಯನ್ನು ಒತ್ತಾಯದಿಂದ ಎಳೆದು ಹಲ್ಲುಚಕ್ರ ಮುರಿದರೆ, ಬಂಡೆ ಮಾಡದ ಹಾನಿಯನ್ನು ನಮ್ಮ ಕೈಯೇ ಮಾಡಿದಂತಾಗುತ್ತದೆ.

ರೀಲು ಹೊರಬಂದ ಮೇಲೆ ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆಗಳುಂಟು. ಕ್ಯಾಮೆರಾವನ್ನು ಕಿವಿಯ ಬಳಿ ಮೆಲ್ಲನೆ ಅಲುಗಾಡಿಸಿ ಸಡಿಲವಾದ ತಿರುಪಿನ ಸದ್ದನ್ನು ಆಲಿಸಬೇಕು. ಷಟರನ್ನು ಎಲ್ಲ ವೇಗಗಳಲ್ಲೂ ಓಡಿಸಿ ನೋಡಬೇಕು. ಬಳಿಕ ಮುಚ್ಚಳ ತೆರೆದು, ಷಟರನ್ನು, ಗುಂಡಿ ಒತ್ತಿರುವಷ್ಟು ಹೊತ್ತೂ ತೆರೆದಿಡುವ ‘ಬಿ’ ಗುರುತಿನಲ್ಲಿ ಹಿಡಿದಿಟ್ಟು, ಫಿಲ್ಮ್ ಹಾಯುವ ಹಳಿಗಳ ಮೇಲೆ ಟ್ರೇಸಿಂಗ್ ಕಾಗದದ ಚೂರೊಂದನ್ನು ಬಿಗಿಯಾಗಿ ಇಟ್ಟು, ದೂರದ ಗೋಪುರವನ್ನೋ ಬೆಟ್ಟವನ್ನೋ ನೋಡಬೇಕು: ಮಸೂರವನ್ನು ಅನಂತದ ಗುರುತಿಗೆ ತಂದಾಗ ಕಾಗದದ ಮೇಲಿನ ತಲೆಕೆಳಗಾದ ಬಿಂಬವು ಅಂಚಿನಿಂದ ಅಂಚಿಗೆ ಸ್ಫುಟವಾಗಿದ್ದರೆ ಮುಖ್ಯಾಂಗಗಳು ಸ್ವಸ್ಥಾನದಲ್ಲಿವೆಯೆಂದು ನಂಬಬಹುದು, ಒಂದು ಪಕ್ಕ ಮಾತ್ರ ಮಸುಕಾದರೆ ಮಸೂರ ಓರೆಯಾಗಿದೆಯೆಂದು ತಿಳಿಯಬೇಕು. ಮುಂದಿನ ಕೆಲಸ ರಿಪೇರಿ ಬಲ್ಲವನದು. ಬಾಗಿದ ಫಿಲ್ಟರ್ ಉಂಗುರವನ್ನು ಅವನು ಸುಲಭವಾಗಿ ನೇರಮಾಡಿಕೊಡುತ್ತಾನೆ. ಒಡೆದ ಪ್ರಿಸಮ್ಮಿಗೆ ಅದೇ ಮಾದರಿಯ ಇನ್ನೊಂದು ಕೆಟ್ಟ ಕ್ಯಾಮೆರಾದಿಂದ ಭಾಗ ತೆಗೆಯುವುದೇ ವಾಡಿಕೆ.

ಬೀಳದಂತೆ ನೋಡಿಕೊಳ್ಳುವುದಂತೂ ಎಲ್ಲಕ್ಕಿಂತ ಅಗ್ಗದ ರಿಪೇರಿ. ಕ್ಯಾಮೆರಾ ಬೀಳುವುದು ಕೈಯಿಂದ ಮಾತ್ರವಲ್ಲ, ಸವೆದ ಕೊರಳಪಟ್ಟಿಯಿಂದಲೂ ಹೌದು. ಪಟ್ಟಿಯನ್ನು ಹಿಡಿದಿರುವ ಪುಟ್ಟ ಉಕ್ಕಿನ ಉಂಗುರ ವರ್ಷಗಟ್ಟಲೆ ಉಜ್ಜಿ ತೆಳುವಾಗಿರುತ್ತದೆ. ಬೆಟ್ಟ ಹತ್ತುವ ಮೊದಲು ಅದನ್ನೊಮ್ಮೆ ನೋಡಿಕೊಳ್ಳಿರಿ. ಹತ್ತುವಾಗ ಪಟ್ಟಿಯನ್ನು ಕೊರಳಿನಿಂದ ಓರೆಯಾಗಿ ಹಾಕಿಕೊಳ್ಳಿರಿ. ಕೋತಿಗಳ ಎದುರಿನಲ್ಲಿ ತಿಂಡಿಯ ಪೊಟ್ಟಣವನ್ನೂ ಕ್ಯಾಮೆರಾವನ್ನೂ ಒಂದೇ ಚೀಲದಲ್ಲಿ ಇಡಬೇಡಿರಿ. ಇಷ್ಟಾಗಿಯೂ ಬಿದ್ದರೆ, ಬೇಸರದಿಂದ ಪೆಟ್ಟಿಗೆಗೆ ಹಾಕಿ ಮರೆಯಬೇಡಿರಿ: ಸಡಿಲವಾದ ಸಂದುಗಳಲ್ಲಿ ತೇವ ಸೇರಿ ಮಸೂರಕ್ಕೆ ಬೂಷ್ಟು ಹಿಡಿಯುತ್ತದೆ, ಓಡದ ಯಂತ್ರದಲ್ಲಿ ಎಣ್ಣೆ ಗಟ್ಟಿಯಾಗುತ್ತದೆ. ರಿಪೇರಿಯ ಕೈಚಳಕ ಬಲ್ಲವರು ನಮ್ಮಲ್ಲಿ ದಿನೇ ದಿನೇ ವಿರಳರಾಗುತ್ತಿರುವುದರಿಂದ, ಬಿದ್ದ ಕ್ಯಾಮೆರಾವನ್ನು ಆ ವಾರದಲ್ಲಿಯೇ ಅಂಥವರೊಬ್ಬರ ಕೈಗೆ ಒಪ್ಪಿಸುವುದು ವಿವೇಕ.