ಬಾಡಿಗೆ ಮನೆಗೆ ಸಾಲ: ಮೊದಲು ಲೆಕ್ಕ, ಆಮೇಲೆ ಸಹಿ

ಹಾಲು ಉತ್ಪಾದಕ ಸಹೋದರಿಯರೇ,

ಪೇಟೆಯ ಸೈಟಿನಲ್ಲಿ ಎರಡು ಮನೆ ಕಟ್ಟಿಸಿದರೆ ಸಾಲದ ಕಂತನ್ನು ಬಾಡಿಗೆಯೇ ಕಟ್ಟುತ್ತದೆ ಎಂಬ ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು. ಎಲ್ಲ ಸಾಲಕ್ಕೂ ಈ ಮಾತು ಹೊಂದುವುದಿಲ್ಲ.

ಸೈಟು ನಿಮ್ಮದೇ, ಕಟ್ಟಡಕ್ಕೆ 10 ಲಕ್ಷ ರೂ. ಸಾಲ ಎಂದಿಟ್ಟುಕೊಳ್ಳಿ. ಶೇ. 10ರ ಬಡ್ಡಿಯಲ್ಲಿ 10 ವರ್ಷಕ್ಕೆ ತಿಂಗಳ ಕಂತು ಸುಮಾರು 13,215 ರೂ. ಮನೆಗೆ 4,000ದಂತೆ ಬಾಡಿಗೆ 8,000 ರೂ. ಉಳಿದ 5,215 ರೂ. ಹಾಲಿನ ಬಟವಾಡೆಯಿಂದಲೇ ಹೋಗಬೇಕು. ಹಾಲು ಬತ್ತಿದ ತಿಂಗಳೂ ಕಂತು ನಿಲ್ಲುವುದಿಲ್ಲ. ಅವಧಿಯನ್ನು 15 ವರ್ಷ ಮಾಡಿದರೆ ಕಂತು 10,746 ರೂ.ಗೆ ಇಳಿಯುತ್ತದೆ, ಆದರೆ ಒಟ್ಟು ಬಡ್ಡಿ 5.86 ಲಕ್ಷದಿಂದ 9.34 ಲಕ್ಷಕ್ಕೇರುತ್ತದೆ.

ಅರ್ಧ ಹಣವನ್ನು ಉಳಿತಾಯದಿಂದ ಹಾಕಿ, 10 ವರ್ಷಕ್ಕೆ 5 ಲಕ್ಷ ಮಾತ್ರ ಸಾಲ ಪಡೆದರೆ ಕಂತು ಸುಮಾರು 6,608 ರೂ. ಆಗ ವರ್ಷದಲ್ಲಿ ಎರಡು ತಿಂಗಳು ಮನೆ ಖಾಲಿ ಬಿದ್ದರೂ ಬಾಡಿಗೆಯಲ್ಲೇ ಕಂತು ತೀರುತ್ತದೆ. ಮೇವು, ಹಿಂಡಿಯ ಖರ್ಚು ಗಿಟ್ಟದ ಹಸುವನ್ನು ನೀವು ಕೊಳ್ಳುವುದಿಲ್ಲ. ಮನೆಗೂ ಅದೇ ಅಳತೆ ಇರಲಿ.

ನೆನಪಿಡಿ:

• ವರ್ಷಕ್ಕೆ 10 ತಿಂಗಳ ಬಾಡಿಗೆಯನ್ನಷ್ಟೇ ಆದಾಯವೆಂದು ಹಿಡಿಯಿರಿ. ರಿಪೇರಿ, ಕಂದಾಯಕ್ಕೆ ಬೇರೆ ಹಣ ತೆಗೆದಿಡಿ.

• ಬಾಡಿಗೆದಾರರ ಮುಂಗಡ ಹಿಂದಿರುಗಿಸಬೇಕಾದ ಹಣ. ಅದನ್ನು ಕಂತಿಗೆ ಬಳಸಬೇಡಿ.

• ಬಡ್ಡಿ ಬದಲಾಗುವ ಸಾಲವಾದರೆ, ಶೇ. 2 ಏರಿದರೆ ಕಂತೆಷ್ಟು ಎಂದು ಬ್ಯಾಂಕಿನಲ್ಲಿ ಮೊದಲೇ ಕೇಳಿ.

• ಆರು ತಿಂಗಳ ಕಂತಿನ ಹಣ ನಿಮ್ಮ ಖಾತೆಯಲ್ಲಿರಲಿ.

• ಸಾಲದ ಪತ್ರಕ್ಕೆ ನಿಮ್ಮ ಸಹಿ ಬೇಕೆಂದರೆ, ಮನೆಯ ಖಾತೆಯಲ್ಲೂ ನಿಮ್ಮ ಹೆಸರು ಸೇರಲಿ. ಇಲ್ಲವಾದರೆ ಸಾಲ ಮಾತ್ರ ನಿಮ್ಮದಾಗುತ್ತದೆ.