ಕಾಂತಿವರ್ಧಕಗಳಲ್ಲಿ ಪ್ಯಾರಾಬೆನ್ ಸಂರಕ್ಷಕಗಳು: ಸಾರ್ವಜನಿಕರಿಗೆ ಮಾಹಿತಿ

ಚರ್ಮಕ್ಕೆ ಲೇಪಿಸುವ ಕ್ರೀಮ್, ಲೋಷನ್ ಮುಂತಾದ ಕಾಂತಿವರ್ಧಕಗಳ ಮೇಲೆ "ಪ್ಯಾರಾಬೆನ್ ರಹಿತ" ಎಂಬ ಬರಹವು ಸಾಮಾನ್ಯವಾಗಿ ಕಂಡುಬರುತ್ತದೆ. ಇದರಿಂದ ಪ್ಯಾರಾಬೆನ್ ಇರುವ ಉತ್ಪನ್ನಗಳೆಲ್ಲವೂ ಅಪಾಯಕಾರಿ ಎಂಬ ಭಾವನೆ ಮೂಡುವುದು ಸಹಜ. ಆದರೆ ಸಂರಕ್ಷಕದ ಸುರಕ್ಷತೆಯು ಅದರ ಬಗೆ, ಪ್ರಮಾಣ ಹಾಗೂ ಬಳಕೆಯ ವಿಧಾನವನ್ನು ಅವಲಂಬಿಸಿರುತ್ತದೆ. ಸಾರ್ವಜನಿಕರ ತಿಳುವಳಿಕೆಗಾಗಿ ಕೆಳಕಂಡ ವಿವರಗಳನ್ನು ನೀಡಲಾಗಿದೆ.

1. ಸಂರಕ್ಷಕದ ಅಗತ್ಯ

ನೀರಿನ ಅಂಶವಿರುವ ಕ್ರೀಮ್‌ನಲ್ಲಿ ಬ್ಯಾಕ್ಟೀರಿಯಾ, ಯೀಸ್ಟ್ ಹಾಗೂ ಬೂಷ್ಟು ಬೆಳೆಯಬಲ್ಲವು. ಡಬ್ಬಿಯಲ್ಲಿ ಬೆರಳು ಅದ್ದಿದಾಗಲೆಲ್ಲ ಹೊಸ ಸೂಕ್ಷ್ಮಾಣುಜೀವಿಗಳು ಸೇರುತ್ತವೆ. ಇಂತಹ ಕ್ರೀಮ್ ಗಾಯಕ್ಕೆ ಅಥವಾ ಕಣ್ಣಿಗೆ ತಗುಲಿದಲ್ಲಿ ಸೋಂಕು ಉಂಟಾಗಬಹುದು. ನೀರಿಲ್ಲದ, ಕೇವಲ ಎಣ್ಣೆ ಅಥವಾ ಮೇಣದ ಉತ್ಪನ್ನಗಳಲ್ಲಿ ಈ ಅಪಾಯ ಕಡಿಮೆ.

2. ಪ್ಯಾರಾಬೆನ್ ಕಾರ್ಯವಿಧಾನ

ಪ್ಯಾರಾಬೆನ್ ಎಂಬುದು ಒಂದೇ ವಸ್ತುವಲ್ಲ. ಪ್ಯಾರಾ-ಹೈಡ್ರಾಕ್ಸಿಬೆಂಜೋಯಿಕ್ ಆಮ್ಲದಿಂದ ತಯಾರಾಗುವ ಎಸ್ಟರ್‌ಗಳ ಗುಂಪು. ಇವು ಸೂಕ್ಷ್ಮಾಣುಜೀವಿಯ ಕೋಶಪೊರೆಯ ಕಾರ್ಯವನ್ನು ಕೆಡಿಸಿ ಅದರ ಬೆಳವಣಿಗೆಯನ್ನು ತಡೆಯುತ್ತವೆ. ಮಿಥೈಲ್‌ಪ್ಯಾರಾಬೆನ್ ನೀರಿನಲ್ಲಿ ಹೆಚ್ಚು ಕರಗುತ್ತದೆ. ಪ್ರೊಪೈಲ್‌ಪ್ಯಾರಾಬೆನ್ ಕಡಿಮೆ ಕರಗಿದರೂ ಹೆಚ್ಚು ಪ್ರಬಲವಾಗಿದೆ. ಆದಕಾರಣ ಇವೆರಡನ್ನೂ ಜೊತೆಯಾಗಿ ಬಳಸುವುದು ವಾಡಿಕೆ.

3. ಸುರಕ್ಷತೆ

2004ರಲ್ಲಿ ಬ್ರಿಟನ್ನಿನ ಸಂಶೋಧಕರು 20 ಸ್ತನ ಗಡ್ಡೆಗಳ ಮಾದರಿಗಳನ್ನು ಪರೀಕ್ಷಿಸಿ ಪ್ಯಾರಾಬೆನ್ ಅಂಶವನ್ನು ಗುರುತಿಸಿದರು. ಆತಂಕವು ವ್ಯಾಪಕವಾಗಿ ಹರಡಿದ್ದು ಆ ಬಳಿಕ. ಆದರೆ ಕ್ಯಾನ್ಸರಿಗೆ ಪ್ಯಾರಾಬೆನ್ ಕಾರಣವೆಂದು ಆ ಅಧ್ಯಯನವು ಸಾಬೀತುಪಡಿಸಲಿಲ್ಲ. ಪ್ಯಾರಾಬೆನ್‌ಗಳಿಗೆ ಈಸ್ಟ್ರೋಜನ್ ಹಾರ್ಮೋನನ್ನು ಹೋಲುವ ಗುಣವಿರುವುದು ನಿಜ. ಆದರೆ ದೇಹದ ಸಹಜ ಹಾರ್ಮೋನಿಗಿಂತ ಅದು ಸಾವಿರಾರು ಪಟ್ಟು ದುರ್ಬಲ. ದೇಹವು ಅವುಗಳನ್ನು ವಿಭಜಿಸಿ ಮೂತ್ರದ ಮೂಲಕ ಹೊರಹಾಕುತ್ತದೆ.

ಆದಾಗ್ಯೂ ಎಲ್ಲ ಪ್ಯಾರಾಬೆನ್‌ಗಳೂ ಸಮಾನವಲ್ಲ. ಐರೋಪ್ಯ ಒಕ್ಕೂಟವು 2014ರಲ್ಲಿ ಐಸೊಪ್ರೊಪೈಲ್, ಐಸೊಬ್ಯುಟೈಲ್ ಸೇರಿದಂತೆ ಐದು ಬಗೆಗಳನ್ನು ನಿಷೇಧಿಸಿತು. ಪ್ರೊಪೈಲ್ ಹಾಗೂ ಬ್ಯುಟೈಲ್ ಬಗೆಗಳ ಮಿತಿಯನ್ನು ಶೇ. 0.14ಕ್ಕೆ ಇಳಿಸಿ, ಮೂರು ವರ್ಷದೊಳಗಿನ ಮಕ್ಕಳ ಡೈಪರ್ ಭಾಗಕ್ಕೆ ಹಚ್ಚಿ ಹಾಗೆಯೇ ಬಿಡುವ ಉತ್ಪನ್ನಗಳಲ್ಲಿ ಅವುಗಳ ಬಳಕೆಯನ್ನು ನಿಷೇಧಿಸಿತು. ಮಿಥೈಲ್‌ಪ್ಯಾರಾಬೆನ್‌ಗೆ ಅಲ್ಲಿ ಶೇ. 0.4ರ ಮಿತಿಯಿದೆ. ಭಾರತದಲ್ಲಿ ಕಾಂತಿವರ್ಧಕಗಳ ಸಂರಕ್ಷಕಗಳಿಗೆ ಭಾರತೀಯ ಮಾನಕ ಬ್ಯೂರೋದ ಐಎಸ್ 4707 ಮಾನಕವು ಅನ್ವಯಿಸುತ್ತದೆ.

4. ಬದಲಿ ಸಂರಕ್ಷಕಗಳು

"ಪ್ಯಾರಾಬೆನ್ ರಹಿತ" ಎಂದರೆ ಸಂರಕ್ಷಕ ರಹಿತ ಎಂದರ್ಥವಲ್ಲ. ಬದಲಿಯಾಗಿ ಬಳಕೆಗೆ ಬಂದ ಮಿಥೈಲ್‌ಐಸೊಥಯಾಜೊಲಿನೋನ್‌ನಿಂದ ಯೂರೋಪಿನಲ್ಲಿ ಅನೇಕರಿಗೆ ಚರ್ಮದ ಅಲರ್ಜಿ ಉಂಟಾಯಿತು. 2017ರಿಂದ ಅಲ್ಲಿ, ಹಚ್ಚಿ ತೊಳೆಯದೆ ಬಿಡುವ ಉತ್ಪನ್ನಗಳಲ್ಲಿ ಅದರ ಬಳಕೆ ನಿಷಿದ್ಧವಾಗಿದೆ. ಇದಕ್ಕೆ ವ್ಯತಿರಿಕ್ತವಾಗಿ, ಪ್ಯಾರಾಬೆನ್‌ನಿಂದ ಅಲರ್ಜಿ ಉಂಟಾಗುವುದು ವಿರಳವೆಂಬ ಕಾರಣಕ್ಕೆ ಅಮೆರಿಕದ ಸಂಪರ್ಕ ಚರ್ಮರೋಗ ತಜ್ಞರ ಸಂಘವು 2019ರಲ್ಲಿ ಅದನ್ನು "ವರ್ಷದ ಅಲರ್ಜಿಕಾರಕವಲ್ಲದ ವಸ್ತು" ಎಂದು ಹೆಸರಿಸಿತು.

5. ಗ್ರಾಹಕರು ಗಮನಿಸಬೇಕಾದ ಅಂಶಗಳು

(ಅ) ಲೇಬಲ್ಲಿನಲ್ಲಿ ತಯಾರಕರ ಹೆಸರು, ವಿಳಾಸ, ಬ್ಯಾಚ್ ಸಂಖ್ಯೆ, ಬಳಕೆಯ ಅವಧಿ ಹಾಗೂ ಘಟಕಾಂಶಗಳ ಪಟ್ಟಿ ಇವೆಯೇ ಎಂದು ಪರಿಶೀಲಿಸತಕ್ಕದ್ದು. ಸಂರಕ್ಷಕಗಳು ಅಲ್ಪ ಪ್ರಮಾಣದಲ್ಲಿರುವುದರಿಂದ ಅವುಗಳ ಹೆಸರು ಸಾಮಾನ್ಯವಾಗಿ ಪಟ್ಟಿಯ ಕೊನೆಯ ಭಾಗದಲ್ಲಿರುತ್ತದೆ.

(ಆ) ಹಸುಗೂಸುಗಳಿಗೆ ಕ್ರೀಮ್ ಕೊಳ್ಳುವಾಗ ಪ್ರೊಪೈಲ್ ಅಥವಾ ಬ್ಯುಟೈಲ್ ಪ್ಯಾರಾಬೆನ್ ಇದೆಯೇ ಎಂದು ನೋಡುವುದು ಒಳಿತು.

(ಇ) ಒದ್ದೆ ಕೈಯನ್ನು ಡಬ್ಬಿಯಲ್ಲಿ ಅದ್ದಬಾರದು, ನೀರು ಬೆರೆಸಬಾರದು. ಬಣ್ಣ ಅಥವಾ ವಾಸನೆ ಬದಲಾದಲ್ಲಿ ಬಳಸಬಾರದು.

(ಈ) ಮನೆಯಲ್ಲಿ ತಯಾರಿಸಿದ ಲೋಳೆಸರದ ಲೇಪ ಮುಂತಾದವುಗಳಲ್ಲಿ ಸಂರಕ್ಷಕವಿರುವುದಿಲ್ಲ. ಅವುಗಳನ್ನು ಆಯಾ ದಿನಕ್ಕೆ ಬೇಕಾದಷ್ಟೇ ತಯಾರಿಸಿಕೊಳ್ಳುವುದು ಸೂಕ್ತ.

(ಉ) ತುರಿಕೆ, ಕೆಂಪು ಗಂದೆ ಕಾಣಿಸಿಕೊಂಡಲ್ಲಿ ಬಳಕೆ ನಿಲ್ಲಿಸಿ, ಉತ್ಪನ್ನದ ಡಬ್ಬಿಯೊಂದಿಗೆ ಚರ್ಮರೋಗ ತಜ್ಞರನ್ನು ಕಾಣತಕ್ಕದ್ದು.

6. ಪರೀಕ್ಷೆಗೆ ಅರ್ಜಿ

ಔಷಧ ಮತ್ತು ಕಾಂತಿವರ್ಧಕಗಳ ಅಧಿನಿಯಮ, 1940ರ 26ನೇ ಪ್ರಕರಣದಂತೆ, ಯಾವುದೇ ವ್ಯಕ್ತಿಯು ತಾನು ಖರೀದಿಸಿದ ಕಾಂತಿವರ್ಧಕವನ್ನು ನಿಗದಿತ ಶುಲ್ಕ ಪಾವತಿಸಿ ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿ, ಅವರ ಸಹಿಯುಳ್ಳ ವರದಿಯನ್ನು ಪಡೆಯಬಹುದು. ಮಾನ್ಯತೆ ಪಡೆದ ಗ್ರಾಹಕರ ಸಂಘಗಳಿಗೂ ಈ ಹಕ್ಕು ಇರುತ್ತದೆ. ಆದ್ದರಿಂದ ಖರೀದಿಯ ರಸೀದಿ ಹಾಗೂ ಮೂಲ ಡಬ್ಬಿಯನ್ನು ಕಾಯ್ದಿರಿಸಿಕೊಳ್ಳಲು ಸಾರ್ವಜನಿಕರಲ್ಲಿ ಕೋರಲಾಗಿದೆ.