ಎರಡೂವರೆ ಕೋಟಿ ಟ್ರಾನ್ಸಿಸ್ಟರ್, ಒಂದೇ ಒಂದು ಕೆಪಾಸಿಟರ್

ಹಳೆಯ ಡಬ್ಬಿ ಟಿವಿಯೊಳಗೆ ನಡೆಯುತ್ತಿದ್ದದ್ದನ್ನು ಲೆಕ್ಕ ಹಾಕಿ ನೋಡಿದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಬಣ್ಣದ ಟಿವಿಯ ಪಿಕ್ಚರ್ ಟ್ಯೂಬಿನಲ್ಲಿ ಎಲೆಕ್ಟ್ರಾನುಗಳನ್ನು ಮುಂದಕ್ಕೆ ಎಳೆಯುತ್ತಿದ್ದದ್ದು ಸುಮಾರು 25,000 ವೋಲ್ಟ್. ಪರದೆಗೆ ಬಡಿಯುವ ಹೊತ್ತಿಗೆ ಅವುಗಳ ವೇಗ ಸೆಕೆಂಡಿಗೆ ಹತ್ತಿರಹತ್ತಿರ 90,000 ಕಿಲೋಮೀಟರ್, ಅಂದರೆ ಬೆಳಕಿನ ವೇಗದ ಹತ್ತರಲ್ಲಿ ಮೂರು ಪಾಲು. ನಮ್ಮ ಟಿವಿ ಪ್ರಸಾರದ ಪಾಲ್ ಪದ್ಧತಿಯಲ್ಲಿ ಒಂದು ಚಿತ್ರಕ್ಕೆ 625 ಗೆರೆ, ಸೆಕೆಂಡಿಗೆ 25 ಚಿತ್ರ. ಗುಣಿಸಿದರೆ ಸೆಕೆಂಡಿಗೆ 15,625 ಗೆರೆ. 20 ಇಂಚಿನ ಪರದೆಯಲ್ಲಿ ಒಂದು ಗೆರೆಯ ಉದ್ದ ಸುಮಾರು 40 ಸೆಂಟಿಮೀಟರ್. ಅದನ್ನು ಎಳೆದು ಮುಗಿಸಲು ಸಿಗುತ್ತಿದ್ದದ್ದು ಒಂದು ಸೆಕೆಂಡಿನ ಹತ್ತು ಲಕ್ಷ ಪಾಲಿನಲ್ಲಿ 52 ಪಾಲು ಮಾತ್ರ. ಗಾಜಿನ ಮೇಲೆ ಬೆಳಕಿನ ಚುಕ್ಕಿ ಓಡುತ್ತಿದ್ದ ಆ ವೇಗದಲ್ಲಿ ಹೊರಟರೆ ಬೆಂಗಳೂರಿನಿಂದ ಮೈಸೂರು ತಲುಪಲು 20 ಸೆಕೆಂಡೂ ಬೇಡ. ಇಂಥ ಯಂತ್ರವನ್ನು ನಾವು ಹಾಲ್‌ನ ಮೂಲೆಯಲ್ಲಿಟ್ಟು, ಮೇಲೊಂದು ಕಸೂತಿ ಬಟ್ಟೆ ಹೊದಿಸಿ, ಹತ್ತು ಹದಿನೈದು ವರ್ಷ ನಿಶ್ಚಿಂತೆಯಿಂದ ನೋಡಿದೆವು.

ಟಿವಿ ಕೆಡದೆ ನಡೆಯುವುದು ಎಷ್ಟು ದೊಡ್ಡ ಮಾತು ಎಂಬುದು ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಿಗೆ ಬಹಳ ಮೊದಲೇ ಗೊತ್ತಾಗಿತ್ತು. 1975ರ ಆಗಸ್ಟ್ 1ರಂದು ಶುರುವಾಗಿ ಒಂದು ವರ್ಷ ನಡೆದ ‘ಸೈಟ್’ ಎಂಬ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಉಪಗ್ರಹದಿಂದ ನೇರವಾಗಿ ಟಿವಿ ಬಂತು. ಅವುಗಳಲ್ಲಿ ರಾಯಚೂರು, ಕಲಬುರಗಿ, ವಿಜಯಪುರ ಜಿಲ್ಲೆಗಳ ಹಳ್ಳಿಗಳೂ ಇದ್ದವು. 36,000 ಕಿಲೋಮೀಟರ್ ಎತ್ತರದಿಂದ ಬಂದ ಸಂಕೇತವನ್ನು ತಂತಿ ಜಾಲರಿಯ ಆಂಟೆನಾ ಹಿಡಿಯುತ್ತಿತ್ತು. ಊರಿಗೆಲ್ಲ ಒಂದೇ ಸೆಟ್. ಅದು ನಿಂತರೆ ಇಡೀ ಊರಿಗೆ ಕಾರ್ಯಕ್ರಮವಿಲ್ಲ.

ಈಗ ಗೋಡೆಯ ಮೇಲಿರುವ ಟಿವಿಗೆ ಬನ್ನಿ. 4ಕೆ ಪರದೆಯಲ್ಲಿ ಅಡ್ಡಕ್ಕೆ 3,840, ಉದ್ದಕ್ಕೆ 2,160 ಚುಕ್ಕಿಗಳು. ಒಟ್ಟು 82,94,400. ಒಂದೊಂದು ಚುಕ್ಕಿಯಲ್ಲೂ ಕೆಂಪು, ಹಸಿರು, ನೀಲಿ ಎಂದು ಮೂರು ಕಿಂಡಿ. ಪ್ರತಿ ಕಿಂಡಿಗೂ ಕನಿಷ್ಠ ಒಂದು ಟ್ರಾನ್ಸಿಸ್ಟರ್. ಲೆಕ್ಕ 2,48,83,200ಕ್ಕೆ ನಿಲ್ಲುತ್ತದೆ. 1946ರಲ್ಲಿ ಅಮೆರಿಕದ ಆರ್‌ಸಿಎ ಕಂಪನಿ ಮಾರಿದ ಹೆಸರಾಂತ ಟಿವಿಯಲ್ಲಿ ಇದ್ದ ವಾಲ್ವ್‌ಗಳು ಸುಮಾರು 30! ದಿನಕ್ಕೆ ಐದು ಗಂಟೆ ನೋಡಿದರೆ, ಸೆಕೆಂಡಿಗೆ 60 ಸಲ ಕೆಲಸ ಮಾಡುವ ಒಂದೊಂದು ಟ್ರಾನ್ಸಿಸ್ಟರೂ ಹತ್ತು ವರ್ಷದಲ್ಲಿ ಸುಮಾರು 394 ಕೋಟಿ ಸಲ ತೆರೆದು ಮುಚ್ಚುತ್ತದೆ.

ಈ ಟ್ರಾನ್ಸಿಸ್ಟರುಗಳಲ್ಲಿ ಹತ್ತು ಲಕ್ಷಕ್ಕೆ ಒಂದು ಕೆಟ್ಟರೂ ಪರದೆಯ ಮೇಲೆ 25 ಕಡೆ ಕಲೆ ಬೀಳಬೇಕು. ನಿಮ್ಮ ಮನೆಯ ಟಿವಿಯ ಹತ್ತಿರ ಹೋಗಿ ಹುಡುಕಿ ನೋಡಿ, ಬಹುತೇಕ ಒಂದೂ ಸಿಗುವುದಿಲ್ಲ. ಮನುಷ್ಯ ಇಷ್ಟು ದೊಡ್ಡ ಸಂಖ್ಯೆಯಲ್ಲಿ, ಇಷ್ಟು ಅಗ್ಗವಾಗಿ, ಇಷ್ಟು ತಪ್ಪಿಲ್ಲದೆ ಮಾಡಿದ ವಸ್ತುಗಳು ಬಹಳ ಕಡಿಮೆ ಎಂದೇ ನನ್ನ ಭಾವನೆ.

ಇದು ತಾನಾಗಿ ಆದದ್ದಲ್ಲ. 1974ರಲ್ಲಿ ಮೊಟೊರೊಲಾ ತನ್ನ ಟಿವಿ ವ್ಯವಹಾರವನ್ನು ಜಪಾನಿನ ಮತ್ಸುಶಿತಾಗೆ ಮಾರಿತು. ಅಲ್ಲಿಯವರೆಗೆ ಮೊಟೊರೊಲಾದ ಕಾರ್ಖಾನೆಯಲ್ಲಿ ತಯಾರಾದ ನೂರು ಸೆಟ್‌ಗಳಲ್ಲಿ 150ರಿಂದ 180 ದೋಷಗಳು ಸಿಗುತ್ತಿದ್ದವು. ಕೆಲವೇ ವರ್ಷಗಳಲ್ಲಿ ಅದು ಮೂರು ನಾಲ್ಕಕ್ಕೆ ಇಳಿಯಿತು. ವಿನ್ಯಾಸವನ್ನೂ ಕೆಲಸದ ಕ್ರಮವನ್ನೂ ತಿದ್ದಿದ್ದರಿಂದ ಬಂದ ಫಲ ಅದು.

ಹಾಗಿದ್ದರೂ ಟಿವಿ ಕೆಡುತ್ತದಲ್ಲ, ಕೆಡುವುದು ಏನು? ರಿಪೇರಿ ಅಂಗಡಿಯಲ್ಲಿ ಹಿಂದಿನ ಮುಚ್ಚಳ ಬಿಚ್ಚುವಾಗ ಪಕ್ಕದಲ್ಲಿ ನಿಂತು ನೋಡಿ. ಮೆಕ್ಯಾನಿಕ್ ಮೊದಲು ಕಣ್ಣು ಹಾಯಿಸುವುದು ಪವರ್ ಬೋರ್ಡಿನ ಮೇಲೆ. ಅಲ್ಲಿ ಸಾಲಾಗಿ ನಿಂತ ಕೆಪಾಸಿಟರುಗಳ ತಲೆ ಚಪ್ಪಟೆಯಾಗಿರಬೇಕು. ಒಂದರ ತಲೆ ಉಬ್ಬಿ, ಅಂಚಿನಲ್ಲಿ ಕಂದು ಬಣ್ಣದ ಅಂಟು ಒಸರಿದ್ದರೆ ರೋಗ ಸಿಕ್ಕಿದಂತೆ. ಕೆಲವೇ ರೂಪಾಯಿಯ ಸಾಮಾನು. ಅದರ ಮೈಮೇಲೆ 105 ಡಿಗ್ರಿ ಎಂದು ಬರೆದಿರುತ್ತದೆ. ಸಾಧಾರಣ ದರ್ಜೆಯದಾದರೆ ಆ ಶಾಖದಲ್ಲಿ 2,000 ಗಂಟೆ ಬಾಳುತ್ತದೆ. ಶಾಖ ಹತ್ತು ಡಿಗ್ರಿ ಇಳಿದರೆ ಆಯಸ್ಸು ಸುಮಾರು ಎರಡು ಪಟ್ಟು ಎಂಬುದು ಇಂಜಿನಿಯರುಗಳ ಲೆಕ್ಕ. 85 ಡಿಗ್ರಿಯಲ್ಲಿ 8,000 ಗಂಟೆ, 65 ಡಿಗ್ರಿಯಲ್ಲಿ 32,000 ಗಂಟೆ. ದಿನಕ್ಕೆ ಆರು ಗಂಟೆ ಎಂದರೆ, ಮೊದಲನೆಯದು ನಾಲ್ಕು ವರ್ಷವೂ ಇಲ್ಲ, ಎರಡನೆಯದು ಹದಿನಾಲ್ಕು ವರ್ಷ ದಾಟುತ್ತದೆ. ಗಾಳಿಯಾಡದ ಷೋಕೇಸಿನೊಳಗೆ ಟಿವಿ ತುರುಕುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು.

ಕೆಡುವ ಇನ್ನೊಂದು ಭಾಗ ಬ್ಯಾಕ್‌ಲೈಟ್. ಪರದೆಯ ಹಿಂದಿನ ಪಟ್ಟಿಗಳಲ್ಲಿ ಎಲ್‌ಇಡಿಗಳು ಗಣೇಶನ ಪೆಂಡಾಲಿನ ಸೀರಿಯಲ್ ಸೆಟ್ಟಿನ ಹಾಗೆ ಒಂದಕ್ಕೊಂದು ಪೋಣಿಸಿಕೊಂಡಿರುತ್ತವೆ. ಒಂದು ಸುಟ್ಟರೆ ಸಾಲೇ ಕತ್ತಲು. ಶಬ್ದ ಬರುತ್ತದೆ, ಚಿತ್ರವಿಲ್ಲ. ಮನೆಯವರು ಪ್ಯಾನೆಲ್ಲೇ ಹೋಯಿತು ಎಂದುಕೊಳ್ಳುತ್ತಾರೆ. ಎರಡೂವರೆ ಕೋಟಿ ಟ್ರಾನ್ಸಿಸ್ಟರುಗಳು ಕತ್ತಲಲ್ಲೂ ತಮ್ಮ ಕೆಲಸ ಮಾಡುತ್ತಲೇ ಇರುವಾಗ, ಟಿವಿ ಗುಜರಿಗೆ ಹೋಗುತ್ತದೆ. 2022ರಲ್ಲಿ ಜಗತ್ತು ಎಸೆದ ವಿದ್ಯುನ್ಮಾನ ಕಸ 6.2 ಕೋಟಿ ಟನ್. ಸರಿಯಾಗಿ ಸಂಗ್ರಹಿಸಿ ಮರುಬಳಕೆಗೆ ಹೋಗಿದ್ದಕ್ಕೆ ದಾಖಲೆ ಇರುವುದು ಶೇ. 22.3ಕ್ಕೆ ಮಾತ್ರ. ಇದನ್ನು ಬರೆಯುವಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಯೂರೋಪಿಯನ್ ಒಕ್ಕೂಟದಲ್ಲಿ 2021ರಿಂದ ಒಂದು ನಿಯಮವಿದೆ: ಒಂದು ಮಾದರಿಯ ಕೊನೆಯ ಟಿವಿ ಮಾರುಕಟ್ಟೆಗೆ ಬಂದ ಮೇಲೂ ಕನಿಷ್ಠ ಏಳು ವರ್ಷ ಅದರ ಬಿಡಿಭಾಗಗಳನ್ನು ಒದಗಿಸಬೇಕು. ಅಂಥ ನಿಯಮ ನಮಗೂ ಬೇಕು. ಅದು ಬರುವವರೆಗೆ ನೀವು ಮಾಡಬಹುದಾದ ಒಂದು ಕೆಲಸವಿದೆ. ಟಿವಿ ಕತ್ತಲಾಗಿ ಶಬ್ದ ಮಾತ್ರ ಬರುತ್ತಿದ್ದರೆ, ಕೋಣೆಯ ದೀಪ ಆರಿಸಿ ಮೊಬೈಲ್ ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿದು ನೋಡಿ. ಚಿತ್ರ ಮಸುಕಾಗಿಯಾದರೂ ಕಂಡರೆ ಪ್ಯಾನೆಲ್ ಬದುಕಿದೆ. ಹೊಸದನ್ನು ಕೊಳ್ಳುವ ಮೊದಲು ಅದನ್ನು ನಿಮ್ಮ ಬೀದಿಯ ರಿಪೇರಿ ಅಂಗಡಿಗೆ ಒಯ್ಯಿರಿ.